ಹೋಮರನಿಗೆ ಚಿತ್ರ ಹೊಸದಲ್ಲ

ಗ್ರೀಕ್ ಮಹಾಕಾವ್ಯಗಳನ್ನು ಕಾಮಿಕ್ಸ್ ಆಗಿಸುವುದನ್ನು ಒಪ್ಪದವರು ಮುಖ್ಯವಾಗಿ ಮೂರು ಆಕ್ಷೇಪ ಎತ್ತುತ್ತಾರೆ. ಮೂರಕ್ಕೂ ಉತ್ತರ ಕೊಡಲೇಬೇಕು.

ಒಂದು: ಚಿತ್ರಕ್ಕಿಳಿದರೆ ಕಾವ್ಯದ ಘನತೆ ಕುಂದುತ್ತದೆ ಎನ್ನುತ್ತಾರೆ. ಹಾಗಾದರೆ ಗ್ರೀಕರೇ ಮೊದಲ ತಪ್ಪಿತಸ್ಥರು. ಕ್ರಿ.ಪೂ. 570ರ ಸುಮಾರಿನ ಫ್ರಾಂಸ್ವಾ ಪಾತ್ರೆಯ ಮೇಲೆ ಪುರಾಣದ ಪ್ರಸಂಗಗಳು ಸಾಲುಸಾಲಾಗಿ ಸಾಗುತ್ತವೆ, ವೀರರ ಪಕ್ಕದಲ್ಲೇ ಅವರ ಹೆಸರುಗಳಿವೆ. ಎಕ್ಸೀಕಿಯಾಸ್ ಚಿತ್ರಿಸಿದ, ಈಗ ವ್ಯಾಟಿಕನ್ನಿನಲ್ಲಿರುವ ಹೂಜಿಯ ಮೇಲೆ ಅಕಿಲಿಸ್ ಮತ್ತು ಏಜಾಕ್ಸ್ ದಾಳದಾಟದಲ್ಲಿ ಮುಳುಗಿದ್ದಾರೆ. ಒಬ್ಬನ ಬಾಯಿಂದ ‘ನಾಲ್ಕು’, ಇನ್ನೊಬ್ಬನ ಬಾಯಿಂದ ‘ಮೂರು’ ಎಂಬ ಅಕ್ಷರಗಳು ಹೊರಟಿವೆ. ಚಿತ್ರವೂ ಮಾತೂ ಕೂಡಿ ಕಥೆ ಹೇಳುವ ಕ್ರಮ ಅಷ್ಟು ಹಳೆಯದು.

ಎರಡು: ಕಾಮಿಕ್ಸ್ ಮೂಲವನ್ನು ತಿರುಚುತ್ತದಂತೆ. ಆದರೆ ಈ ಕಥೆಗೆ ಒಂದೇ ಮೂಲವೆಂಬುದಿಲ್ಲ. ಇಲಿಯಡ್ ಹೇಳುವುದು ಟ್ರಾಯ್‌ನ ಹತ್ತು ವರ್ಷದ ಯುದ್ಧದ ಕೆಲವೇ ವಾರಗಳನ್ನು. ಮರದ ಕುದುರೆಯ ಕಥೆಗೆ ಒಡಿಸ್ಸಿಯ ಬಳಿ ಹೋಗಬೇಕು. ಯೂರಿಪಿಡೀಸನ ‘ಹೆಲೆನ್’ ನಾಟಕದಲ್ಲಿ ಆಕೆ ಟ್ರಾಯ್‌ಗೆ ಹೋಗಿಯೇ ಇಲ್ಲ, ಯುದ್ಧದುದ್ದಕ್ಕೂ ಈಜಿಪ್ಟಿನಲ್ಲಿದ್ದಾಳೆ. ಸಾಫೊಕ್ಲಿಸನ ಏಜಾಕ್ಸನ ದುರಂತವನ್ನು ಬಿ.ಎಂ.ಶ್ರೀ. 1929ರಲ್ಲಿ ‘ಅಶ್ವತ್ಥಾಮನ್’ ಆಗಿಸಿದರು, ಕನ್ನಡ ಅದನ್ನು ಗೌರವದಿಂದ ಸ್ವೀಕರಿಸಿತು. ಎರಿಕ್ ಶಾನೋವರ್ 1998ರಲ್ಲಿ ಆರಂಭಿಸಿದ, ಟ್ರಾಯ್ ಯುದ್ಧದ ಕಥೆ ಹೇಳುವ ಕಾಮಿಕ್ಸ್ ಸರಣಿ ‘ಏಜ್ ಆಫ್ ಬ್ರಾಂಜ್’ ಇದೇ ಸಾಲಿಗೆ ಸೇರುತ್ತದೆ. ದೇವತೆಗಳನ್ನು ಅವರು ಕಣ್ಣೆದುರು ತರುವುದಿಲ್ಲ, ಹಾಗಾಗಿ ಯುದ್ಧದ ಹೊಣೆಯೆಲ್ಲ ಮನುಷ್ಯರ ಹೆಗಲಿಗೇ ಬೀಳುತ್ತದೆ. ಅರಮನೆ, ಉಡುಪು, ಆಯುಧಗಳಿಗೆ ಉತ್ಖನನದ ಆಧಾರವಿದೆ. ಇಷ್ಟು ಶ್ರದ್ಧೆಯ ವ್ಯಾಖ್ಯಾನವನ್ನು ವಿಕೃತಿ ಎನ್ನುವುದು ಅನ್ಯಾಯ.

ಮೂರು: ಚಿತ್ರ ನೋಡಿದವರು ಕಾವ್ಯ ಓದುವುದಿಲ್ಲ ಎಂಬ ಭಯ. ಇಲಿಯಡ್‌ನಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಸಾಲುಗಳಿವೆ. ಹೊಸ ಓದುಗರು ಎಡವುವುದು ಅದರ ಹೆಸರುಗಳ ದಟ್ಟಣೆಯಲ್ಲಿ. ಯಾರು ಯಾರ ಮಗ, ಯಾರು ಯಾವ ಪಕ್ಷ ಎಂಬುದು ಮುಖ ಕಂಡಾಗ ನೆನಪಿನಲ್ಲಿ ನಿಲ್ಲುತ್ತದೆ. ಶಾನೋವರ್ ಸಂಪುಟಗಳ ಕೊನೆಗೆ ವಂಶಾವಳಿಯೂ ಆಕರ ಗ್ರಂಥಗಳ ಪಟ್ಟಿಯೂ ಇವೆ. ಮೂಲದ ದಾರಿ ಮುಚ್ಚುವವರು ಹೀಗೆ ಮಾಡುತ್ತಾರೆಯೇ?

ರಕ್ತಪಾತವನ್ನಷ್ಟೇ ಮೆರೆಸುವ ಕಾಮಿಕ್ಸ್ ಕೂಡ ಬರುತ್ತವೆ, ಅವನ್ನು ಖಂಡಿಸೋಣ. ಮಗನನ್ನು ಕೊಂದ ಅಕಿಲಿಸನ ಕೈಗಳಿಗೆ ಟ್ರಾಯ್‌ನ ಮುದುಕ ದೊರೆ ಪ್ರಿಯಮ್ ಮುತ್ತಿಡುವ ಘಟನೆಯನ್ನು ಕಲಾವಿದ ಹೇಗೆ ನಿಭಾಯಿಸಿದ್ದಾನೆ ಎಂದು ನೋಡಿ ಆ ಪುಸ್ತಕದ ಬೆಲೆ ಕಟ್ಟೋಣ. ಕೆಟ್ಟ ಅನುವಾದ ಬಂತೆಂದು ಅನುವಾದವನ್ನೇ ಯಾರೂ ನಿಷೇಧಿಸುವುದಿಲ್ಲ. ಕಾಮಿಕ್ಸ್‌ಗೂ ಅದೇ ನ್ಯಾಯ ಸಲ್ಲಬೇಕು.