ಮಾತಿನ ಮದ್ದುಗುಂಡಿಗೆ ಲೆಕ್ಕವಿಡುವವರು ಯಾರು?

ಚುನಾವಣೆ ಸಮೀಪಿಸಿತೆಂದರೆ ಪತ್ರಿಕೆಗಳ ತಲೆಬರಹಗಳು ರಣರಂಗದ ಭಾಷೆಯನ್ನು ಧರಿಸುತ್ತವೆ. ಒಬ್ಬ ನಾಯಕರ ಹೇಳಿಕೆ ಮತ್ತೊಬ್ಬರ ಬತ್ತಳಿಕೆಯ ಅಸ್ತ್ರವಾಗುತ್ತದೆ. ಹಗರಣದ ಕಡತ ವಿರೋಧ ಪಕ್ಷಕ್ಕೆ ಮದ್ದುಗುಂಡಾಗುತ್ತದೆ. ಕೇಳಿ ಕೇಳಿ ರೂಢಿಯಾದ ಈ ಪದದ ತೂಕವನ್ನು ಒಮ್ಮೆ ಅಳೆದು ನೋಡುವುದು ಉಚಿತ.

ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧಿ. ತೋಪಿಗೆ ತುಂಬುವ ಸ್ಫೋಟಕ ಪುಡಿಯೂ ಮದ್ದೇ. ತೆಲುಗಿನ ‘ಮಂದು’, ತಮಿಳಿನ ‘ಮರುಂದು’ಗಳಿಗೂ ಈ ಎರಡು ಅರ್ಥಗಳಿವೆ. ಮರಾಠಿಯ ‘ದಾರೂಗೋಳಾ’ದಲ್ಲಿರುವ ‘ದಾರೂ’ ಪಾರಸಿಯಲ್ಲಿ ಔಷಧಿಯೇ. ಸಿಡಿಮದ್ದನ್ನು ಮೊದಲು ಕಂಡುಹಿಡಿದ ಚೀನೀಯರಂತೂ ಅದನ್ನು ‘ಬೆಂಕಿಯ ಮದ್ದು’ ಎಂದೇ ಕರೆದರು. ಕಾಯುವುದೂ ಕೊಲ್ಲುವುದೂ ಒಂದೇ ಪದದಲ್ಲಿ ಅಡಗಿವೆ.

ನಾವು ನೆಲೆಸಿರುವ ಹೈದರಾಬಾದು ಈ ಎರಡೂ ಮದ್ದುಗಳ ನಗರ. ನಿಜಾಮರ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಂಡ್ 18ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ತೋಪಿನ ಎರಕದ ಮನೆಯ ಹೆಸರು ಇಂದಿಗೂ ಗನ್‌ಫೌಂಡ್ರಿ ಬಡಾವಣೆಯಲ್ಲಿ ಉಳಿದಿದೆ. 1970ರಲ್ಲಿ ಸ್ಥಾಪನೆಯಾದ ಭಾರತ್ ಡೈನಾಮಿಕ್ಸ್ ಸಂಸ್ಥೆ ತಯಾರಿಸುವ ಆಕಾಶ್ ಕ್ಷಿಪಣಿಗಳು 2025ರ ಮೇ ತಿಂಗಳಿನ ಸಂಘರ್ಷದಲ್ಲಿ ದೇಶದ ರಕ್ಷಣೆಗೆ ಒದಗಿದವು. ಕೋವಿಡ್ ಕಾಲದ ಕೋವ್ಯಾಕ್ಸಿನ್ ಲಸಿಕೆಯನ್ನು ನೀಡಿದ್ದೂ ಇದೇ ನಗರವೇ.

ನಿಜವಾದ ಮದ್ದುಗುಂಡಿಗೆ ಕಟ್ಟುಪಾಡುಗಳುಂಟು. ಕೋಠಿಗೆ ಬೀಗ, ದಾಸ್ತಾನಿಗೆ ಲೆಕ್ಕದ ಪುಸ್ತಕ, ಖಾಸಗಿಯವರಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಪರವಾನಗಿ. ಮಾತಿನ ಮದ್ದುಗುಂಡಿಗೆ ಇಂತಹ ಯಾವ ಪೂರ್ವನಿರ್ಬಂಧವೂ ಇಲ್ಲ. ದ್ವೇಷ ಭಾಷಣಕ್ಕೆ ಶಿಕ್ಷೆ ಇದೆಯಾದರೂ ಕಾನೂನು ಬರುವುದು ಸಿಡಿದ ಮೇಲೆ.

ಇದರ ಬೆಲೆ ಏನೆಂಬುದನ್ನು ಈ ನೆಲ 1948ರಲ್ಲಿಯೇ ಕಂಡಿದೆ. ರಜಾಕಾರರ ನಾಯಕ ಖಾಸಿಂ ರಜ್ವಿಯ ಶಸ್ತ್ರ ಅವನ ನಾಲಗೆಯೇ ಆಗಿತ್ತು. ಅದನ್ನು ಲೇಖನಿಯಿಂದ ಎದುರಿಸಿದ ‘ಇಮ್ರೋಜ್’ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ಆ ವರ್ಷದ ಆಗಸ್ಟ್‌ನಲ್ಲಿ ಕನ್ನಡಿಗರಿಗೆ ಚಿರಪರಿಚಿತವಾದ ಕಾಚಿಗುಡದಲ್ಲಿ ಗುಂಡಿಟ್ಟು ಕೊಂದು, ಬರೆಯುವ ಕೈಯನ್ನೇ ಕತ್ತರಿಸಲಾಯಿತು. ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಪ್ರವೇಶಿಸಿತು. ಐದೇ ದಿನಗಳಲ್ಲಿ ನಿಜಾಮರ ಪ್ರತಿರೋಧ ಮುಗಿಯಿತು. ಹಳ್ಳಿಗಳಲ್ಲಿ ಮಾತ್ರ ಸಿಡಿತ ನಿಲ್ಲಲಿಲ್ಲ. ರಜಾಕಾರರ ದೌರ್ಜನ್ಯಕ್ಕೆ ಈಗ ಪ್ರತೀಕಾರದ ಸರದಿ. ಕಾರ್ಯಾಚರಣೆಯ ವೇಳೆಯಲ್ಲಿಯೂ ಅನಂತರವೂ 27 ಸಾವಿರದಿಂದ 40 ಸಾವಿರ ಜನ ಸತ್ತರೆಂದು ಪಂಡಿತ್ ಸುಂದರಲಾಲ್ ಸಮಿತಿ ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗ, ಬೀದರಗಳೂ ಇದ್ದವು. ಭಾಷಣ ಮಾಡಿದ ರಜ್ವಿ ಸೆರೆವಾಸ ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ಹೊರಟುಹೋದ. ಬೆಲೆ ತೆತ್ತವರು ಎಂದೂ ವೇದಿಕೆ ಏರದಿದ್ದ ಬಡವರು.

ಇಂದು ವೇದಿಕೆ ಪ್ರತಿಯೊಬ್ಬರ ಅಂಗೈಯಲ್ಲಿದೆ. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ನಿಜವಾದ ಗುಂಡುಗಳು ಹಾರುತ್ತಿದ್ದಾಗ ಕೆಲವು ವಾಹಿನಿಗಳು ಕರಾಚಿ ಬಂದರು ನಾಶವಾಯಿತೆಂದು ಸುಳ್ಳು ಸುದ್ದಿ ಬಿತ್ತರಿಸಿದವು. ಅದನ್ನು ಮನೆಮನೆಗೆ ತಲುಪಿಸಿದ್ದು ನಮ್ಮ ನಿಮ್ಮ ಮೊಬೈಲುಗಳೇ. ಗಡಿಯ ಸೈನಿಕ ಮೇಲಧಿಕಾರಿಯ ಆಜ್ಞೆಯಿಲ್ಲದೆ ಗುಂಡು ಹಾರಿಸುವುದಿಲ್ಲ. ಸುರಕ್ಷಿತವಾಗಿ ಮನೆಯಲ್ಲಿ ಕುಳಿತ ನಮಗೆ ಆ ಸಂಯಮ ಏಕೆ ಬಾರದು?

ಹಲವು ಭಾಷೆ, ಹಲವು ಧರ್ಮಗಳ ನಡುವೆ ತಲೆಮಾರುಗಳಿಂದ ಬಾಳಿದ ಹೈದರಾಬಾದಿನ ಕನ್ನಡಿಗರಿಗೆ ಇದು ಕೇವಲ ಶಬ್ದಾರ್ಥದ ಜಿಜ್ಞಾಸೆಯಲ್ಲ. ಊರು ಕೆಟ್ಟರೆ ಮೊದಲು ನಲುಗುವುದು ನೆರೆಹೊರೆ. ಮಾತಿನ ಕೋಠಿಗೆ ಸರಕಾರ ಬೀಗ ಹಾಕುವುದು ಪ್ರಜಾಪ್ರಭುತ್ವಕ್ಕೆ ಒಳಿತಲ್ಲ. ಆದ್ದರಿಂದಲೇ ಅದರ ಕೀಲಿಕೈಯನ್ನು ನಾವೇ ಜೋಪಾನವಾಗಿ ಇಟ್ಟುಕೊಳ್ಳಬೇಕಾಗಿದೆ.