ದಾರಿ ಬದಿಯ ಹೋಟೆಲಿಗೂ ಬಸ್ಸಾರು ಬರಲಿ

ಮಲೇಷ್ಯಾದ ಮಲಕ್ಕಾದಲ್ಲಿ ಪೆರನಾಕನ್ ಊಟ ಮಾಡಿದೆ. ಅಲ್ಲಿ ನೆಲೆಸಿದ ಚೀನೀ ವರ್ತಕರು ಸ್ಥಳೀಯ ಹೆಣ್ಣುಮಕ್ಕಳನ್ನು ಮದುವೆಯಾಗಿ ಬೆಳೆದ ಮನೆತನಗಳ ಅಡುಗೆ ಅದು. ಹುಣಸೆಹುಳಿ ಬಿಟ್ಟ ಕೋಳಿ ಸಾರು, ಅದರೊಳಗೆ ಕೆಲುವಾಕ್ ಎಂಬ ಕಪ್ಪು ಬೀಜ. ಹಸಿ ಬೀಜ ವಿಷ; ದಿನಗಟ್ಟಲೆ ನೆನೆಸಿ ಹದ ಮಾಡಬೇಕು. ಇಷ್ಟು ಕೆಲಸದ ಮನೆಯಡುಗೆಯನ್ನು ಅವರು ಹೋಟೆಲಿಗೆ ತಂದರು. ಇದೇ ಅಡುಗೆ ಬಡಿಸುವ ಸಿಂಗಪುರದ ಕ್ಯಾಂಡಲ್‌ನಟ್ ಹೋಟೆಲಿಗೆ 2016ರಲ್ಲಿ ಮಿಶಲಿನ್ ಸ್ಟಾರ್ ಕೂಡ ಸಿಕ್ಕಿತು.

ನಮ್ಮ ಬಸ್ಸಾರು ಇನ್ನೂ ಹೆಚ್ಚಾಗಿ ಮನೆಯಲ್ಲೇ ಉಳಿದಿದೆ. ಕನಕಪುರ, ಸಂಗಮ, ಮೇಕೆದಾಟಿಗೆ ಹೊರಟ ಬೆಂಗಳೂರಿನವರು ನಮ್ಮ ಹಾರೋಹಳ್ಳಿ ದಾಟಿಯೇ ಹೋಗುತ್ತಾರೆ. ದಾರಿಯಲ್ಲಿ ಗೋಬಿ ಮಂಚೂರಿ, ಫ್ರೈಡ್ ರೈಸ್ ಧಾರಾಳ. ಮುದ್ದೆ, ನಾಟಿಕೋಳಿಯೂ ಸಿಕ್ಕೀತು. ಬಸ್ಸಾರು ಮಾತ್ರ ಅಪರೂಪ. ಹುರುಳಿಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದು, ಬೆಂದ ಕಾಳು ಒಂದು ಹಿಡಿ ಖಾರದ ಜತೆ ರುಬ್ಬಿ ಕುದಿಸುತ್ತೇವೆ; ಉಳಿದ ಕಾಳು, ಸೊಪ್ಪಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಪಲ್ಯ. ಬಿಸಿ ಮುದ್ದೆ ಮುರಿದು ಅದ್ದಿ ನುಂಗಿದರೆ ಬೇರೇನೂ ಬೇಡ. ಮಾರನೇ ದಿನವಂತೂ ಸಾರಿಗೆ ಇನ್ನೂ ರುಚಿ.

ತಟ್ಟೆ ಇಡ್ಲಿಗಾಗಿ ಬಿಡದಿಯಲ್ಲಿ ಗಾಡಿ ನಿಲ್ಲಿಸಿದ ಜನ ಬಸ್ಸಾರಿಗೂ ನಿಲ್ಲಿಸುತ್ತಾರೆ. ಹೋಟೆಲ್ ಮಾಲೀಕರೇ, ವಾರಕ್ಕೊಂದು ದಿನವಾದರೂ ‘ಬಸ್ಸಾರು–ಮುದ್ದೆ’ ಎಂದು ಬೋರ್ಡ್ ಬರೆಸಿ.