ಬೆಟ್ಟದಿಂದ ಇಳಿದ ಮೇಲಿನ ಕಥೆ

ಕತಾರಿನಲ್ಲಿ ಬೆಟ್ಟಗಳಿಲ್ಲ. ಅಲ್ಲಿನ ಅತಿ ಎತ್ತರದ ದಿಬ್ಬವೇ ಸುಮಾರು 103 ಮೀಟರ್. ಅಂಥ ಮಟ್ಟಸ ನೆಲದಲ್ಲಿ ತಪಸ್ಸುಕಾಲದ ಎರಡನೇ ವಾರ ಕ್ಯಾಥೊಲಿಕರು ಬೆಟ್ಟವೊಂದರ ಕಥೆ ಕೇಳಲು ಸೇರುತ್ತಾರೆ. ಭಾನುವಾರದ ಆ ವಾಚನವನ್ನು ಹೆಚ್ಚಿನವರು ಕೇಳುವುದು ಶುಕ್ರವಾರ. ದುಡಿಯುವವರಿಗೆ ರಜೆ ಸಿಗುವುದೇ ಅಂದು.

ದೋಹಾದ ಮೆಸೈಮೀರ್‌ನ ಜಪಮಾಲೆ ಮಾತೆಯ ಚರ್ಚು ತೆರೆದದ್ದೂ ತಪಸ್ಸುಕಾಲದಲ್ಲೇ, 2008ರ ಮಾರ್ಚ್‌ನಲ್ಲಿ. ಜಾಗ ಕೊಟ್ಟವರು ಅಂದಿನ ಅಮೀರ್ ಶೇಖ್ ಹಮದ್ ಬಿನ್ ಖಲೀಫಾ ಅಲ್ ಥಾನಿ. ಉದ್ಘಾಟನೆಗೆ ವ್ಯಾಟಿಕನ್‌ನಿಂದ ಬಂದವರು ಮುಂಬೈ ಮೂಲದ ಕಾರ್ಡಿನಲ್ ಐವನ್ ಡಯಾಸ್. ಕಟ್ಟಡದ ಹೊರಗೆ ಶಿಲುಬೆಯಿಲ್ಲ, ಗಂಟೆಯಿಲ್ಲ. ಒಳಗೆ ಹತ್ತಾರು ದೇಶಗಳ ಜನ. ನಮ್ಮ ಕರಾವಳಿಯ ಕೊಂಕಣಿ ಕುಟುಂಬಗಳೂ ಅವರಲ್ಲಿವೆ.

ಅವರು ಕೇಳುವುದು ಇಷ್ಟು. ಯೇಸುಸ್ವಾಮಿ ಪೇತ್ರ, ಯಕೋಬ, ಯೊವಾನ್ನರನ್ನು ಬೆಟ್ಟಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಯೇಸುವಿಗೆ ರೂಪಾಂತರವಾಗಿ ಅವರ ಮುಖ ಸೂರ್ಯನಂತೆ ಬೆಳಗುತ್ತದೆ. ಮೋಶೆ, ಎಲೀಯ ಕಾಣಿಸಿಕೊಳ್ಳುತ್ತಾರೆ. ಇಲ್ಲೇ ಮೂರು ಗುಡಾರ ಹಾಕೋಣ ಎನ್ನುತ್ತಾನೆ ಪೇತ್ರ. ಅವನ ಆಸೆ ಯಾರಿಗೆ ಅರ್ಥವಾಗದು? ಕೆಲವೇ ದಿನಗಳ ಹಿಂದಷ್ಟೇ ಗುರುಗಳು ತಮ್ಮ ಸಾವಿನ ಮಾತಾಡಿದ್ದರು. ಲೂಕನ ಪ್ರಕಾರ ಆ ಬೆಳಕಿನ ನಡುವೆಯೂ ನಡೆದದ್ದು ಜೆರುಸಲೇಮಿನಲ್ಲಿ ಕಾದಿದ್ದ ಅಂತ್ಯದ ಮಾತೇ. ಉಪವಾಸ, ಶಿಲುಬೆಹಾದಿಯ ದಿನಗಳ ನಡುವೆ ಈ ವಾಚನ ಬರುವುದು ಅದಕ್ಕೇ: ನೋವನ್ನು ಮರೆಸಲು ಅಲ್ಲ, ನೋವಿನ ಹಾದಿಗೆ ಎದೆ ಗಟ್ಟಿ ಮಾಡಲು.

ಆದರೆ ಬಲಿಪೂಜೆಯ ವಾಚನ ಬೆಟ್ಟ ಇಳಿಯುವಷ್ಟರಲ್ಲಿ ನಿಂತುಬಿಡುತ್ತದೆ. ಬೈಬಲಿನಲ್ಲಿ ಕಥೆ ನಿಲ್ಲುವುದಿಲ್ಲ. ಕೆಳಗೆ ಅಪಸ್ಮಾರದಿಂದ ನರಳುವ ಮಗನೊಂದಿಗೆ ತಂದೆಯೊಬ್ಬ ಕಾಯುತ್ತಿರುತ್ತಾನೆ. ಉಳಿದ ಶಿಷ್ಯರ ಕೈಯಲ್ಲಿ ಏನೂ ಆಗಿರುವುದಿಲ್ಲ. 1520ರಲ್ಲಿ ತೀರಿಕೊಂಡ ರಫೇಲ್ ತನ್ನ ಕೊನೆಯ ದೊಡ್ಡ ಚಿತ್ರದಲ್ಲಿ ಎರಡನ್ನೂ ಒಟ್ಟಿಗೇ ಬರೆದ: ಮೇಲೆ ಬೆಳಕು, ಕೆಳಗೆ ಕಣ್ಣು ತಿರುಗಿಸಿ ಕೈ ಚಾಚಿದ ಹುಡುಗ. ಕೆಳಗಿನ ಅರ್ಧವನ್ನು ಬಿಟ್ಟರೆ ರೂಪಾಂತರ ಬರೀ ಪವಾಡವಾಗಿ ಉಳಿಯುತ್ತದೆ.

ಮೇಲಿನ ಬೆಳಕಿಗೂ ಕೆಳಗಿನ ನೋವಿಗೂ ಇರುವ ಈ ನಂಟನ್ನು ಚೆನ್ನಾಗಿ ಬಲ್ಲ ಒಬ್ಬರು ಕತಾರಿನ ಸೀಮೆಯಲ್ಲೇ ಹುಟ್ಟಿದ್ದರು. ಏಳನೇ ಶತಮಾನದಲ್ಲಿ ಕತಾರ್ ಸೇರಿದ ಕರಾವಳಿಗೆ ಬೇತ್ ಕತ್ರಾಯೆ ಎಂಬ ಹೆಸರಿತ್ತು. ಅಲ್ಲಿಂದ ಹೊರಟ ಇಸಾಕರು ನಿನೆವೆಯ ಬಿಷಪ್ ಆದರು, ಐದೇ ತಿಂಗಳಲ್ಲಿ ಪಟ್ಟ ತೊರೆದು ಬೆಟ್ಟ ಸೇರಿದರು. ಆ ಏಕಾಂತದಲ್ಲಿ ಅವರು ಬರೆದದ್ದು ಮನುಷ್ಯ, ಹಕ್ಕಿ, ಪ್ರಾಣಿ, ಕೊನೆಗೆ ದೆವ್ವಗಳಿಗಾಗಿಯೂ ಮರುಗುವ ಕರುಣೆಯ ಬಗ್ಗೆ. 2024ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಇಸಾಕರ ಹೆಸರನ್ನು ರೋಮನ್ ಸಂತರ ಪಟ್ಟಿಗೆ ಸೇರಿಸಿದರು.

ದೋಹಾದ ಕನ್ನಡ ನಾಡಿನ ಕ್ರೈಸ್ತರು ಈ ತಪಸ್ಸುಕಾಲದಲ್ಲಿ ಚರ್ಚಿನಿಂದ ಮನೆಗೆ ಬಂದು ಮತ್ತಾಯನ 17ನೇ ಅಧ್ಯಾಯವನ್ನು 14ನೇ ವಚನದಿಂದ ಮುಂದಕ್ಕೆ ಓದಲಿ. ಆಮೇಲೆ ಲೇಬರ್ ಕ್ಯಾಂಪಿನಲ್ಲಿ ಒಬ್ಬಂಟಿಯಾಗಿರುವ ಊರಿನವನೊಬ್ಬನನ್ನು ಊಟಕ್ಕೆ ಕರೆಯಲಿ, ಅವನು ಯಾವ ಮತದವನಾದರೂ ಸರಿ.